ಹಾಡದೆ ನಿಂತ ಮಕ್ಕಳು

ಸರ್ಕಾರಿ ಪ್ರೌಢಶಾಲೆಯ ದಿನ ಬೆಳಗಿನ ಪ್ರಾರ್ಥನೆಯಿಂದ ಆರಂಭವಾಗುತ್ತದೆ. ಗಂಟೆ ಬಾರಿಸಿದ ಕೂಡಲೆ ಮಕ್ಕಳು ತರಗತಿವಾರು ಸಾಲಾಗುತ್ತಾರೆ. ದೈಹಿಕ ಶಿಕ್ಷಕರ ಸೀಟಿ, ‘ಸಾವಧಾನ್’, ‘ವಿಶ್ರಾಮ್’, ನಾಡಗೀತೆ, ದಿನಪತ್ರಿಕೆಯ ಮುಖ್ಯ ಸುದ್ದಿ, ಈಚಿನ ವರ್ಷಗಳಲ್ಲಿ ಸಂವಿಧಾನದ ಪೀಠಿಕೆ, ಕೊನೆಗೆ ರಾಷ್ಟ್ರಗೀತೆ. ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಓದಿ ಹೋದ ಪ್ರತಿಯೊಂದು ತಂಡವೂ ಇಂಥ ಸಾಲಿನಲ್ಲಿ ನಿಂತೇ ಹೋಗಿದೆ. ಹೊಲದ ಒಡೆಯನ ಮಗ, ಅದೇ ಹೊಲದಲ್ಲಿ ಕೂಲಿ ಮಾಡುವವನ ಮಗಳು, ಅಂಗಡಿಯವರ ಹುಡುಗ, ಬೇರೆ ಬೇರೆ ಜಾತಿ ಮತಗಳ ಮಕ್ಕಳು ಒಂದೇ ಬಣ್ಣದ ಬಟ್ಟೆ ತೊಟ್ಟು ಎತ್ತರದ ಪ್ರಕಾರ ನಿಲ್ಲುವ ಜಾಗ ಊರಿನಲ್ಲಿ ಅದೊಂದೇ.

ಆ ಸಾಲಿನಲ್ಲಿ ಒಂದು ಮಗು ಎಲ್ಲರಂತೆ ನೆಟ್ಟಗೆ, ಗೌರವದಿಂದ ನಿಂತಿದೆ ಎಂದುಕೊಳ್ಳಿ. ಆದರೆ ಬಾಯಿ ತೆರೆಯುತ್ತಿಲ್ಲ. ಕಾರಣ ಕೇಳಿದರೆ, ‘ನಮ್ಮ ಮತದಲ್ಲಿ ದೇವರನ್ನು ಬಿಟ್ಟು ಬೇರೆ ಯಾವುದನ್ನೂ ಹಾಡಿ ವಂದಿಸುವಂತಿಲ್ಲ ಸಾರ್’ ಎನ್ನುತ್ತದೆ. ಅದು ಅವಿಧೇಯತೆಯೆ? ದೇಶಕ್ಕೆ ಮಾಡಿದ ಅವಮಾನವೆ? ಮುಖ್ಯೋಪಾಧ್ಯಾಯರು ಆ ಮಗುವಿನ ಕೈಗೆ ಟಿ.ಸಿ. ಕೊಟ್ಟು ಮನೆಗೆ ಕಳುಹಿಸಬಹುದೆ?

ಇದು ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಎರಡು ಸಲ, ನಮ್ಮ ದೇಶದಲ್ಲಿ ಒಂದು ಸಲ ಈ ಪ್ರಶ್ನೆ ಅತ್ಯುನ್ನತ ನ್ಯಾಯಾಲಯದ ಮುಂದೆ ಬಂದಿದೆ. ಮೂರು ಸಲವೂ ಅದನ್ನು ಅಲ್ಲಿಗೆ ಒಯ್ದವರು ಶಾಲೆಗೆ ಹೋಗುವ ಮಕ್ಕಳು. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಕಟ್ಟಡ, ಫಲಿತಾಂಶ, ದಾನಿಗಳ ಚರಿತ್ರೆಯ ಜೊತೆಗೆ, ಶಾಲೆ ಎಂಬ ಸಂಸ್ಥೆ ಮಗುವಿನ ಮನಸ್ಸಿನ ಮೇಲೆ ಎಷ್ಟರಮಟ್ಟಿಗೆ ಅಧಿಕಾರ ನಡೆಸಬಹುದು ಎಂಬುದರ ಚರಿತ್ರೆಗೂ ಒಂದಷ್ಟು ಪುಟ ಇರಲಿ ಎಂಬ ಉದ್ದೇಶದಿಂದ ಈ ಲೇಖನ.

ಕಲ್ಲಿದ್ದಲ ಊರಿನ ಇಬ್ಬರು ಮಕ್ಕಳು

ಅಮೆರಿಕದ ಶಾಲೆಗಳಲ್ಲಿ ಬೆಳಗ್ಗೆ ರಾಷ್ಟ್ರಧ್ವಜಕ್ಕೆ ವಂದಿಸಿ ನಿಷ್ಠೆಯ ಪ್ರತಿಜ್ಞೆ ಹೇಳುವ ಪದ್ಧತಿ 1892ರಲ್ಲಿ ಆರಂಭವಾಯಿತು. ಕೊಲಂಬಸ್ ಅಮೆರಿಕ ತಲುಪಿ ನಾನೂರು ವರ್ಷ ತುಂಬಿದ ನೆನಪಿಗಾಗಿ ಫ್ರಾನ್ಸಿಸ್ ಬೆಲ್ಲಮಿ ಎಂಬವರು ಆ ಪ್ರತಿಜ್ಞೆಯನ್ನು ಬರೆದರು. ಬಲಗೈಯನ್ನು ಧ್ವಜದ ಕಡೆಗೆ ಉದ್ದಕ್ಕೆ ಚಾಚಿ ವಂದಿಸುವುದು ಆಗಿನ ಕ್ರಮ. ಹಲವು ರಾಜ್ಯಗಳು ಕ್ರಮೇಣ ಅದನ್ನು ಕಡ್ಡಾಯ ಮಾಡಿದವು.

ಅದೇ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಚಿಕ್ಕ ಕ್ರೈಸ್ತ ಪಂಥ ಹುಟ್ಟಿಕೊಂಡಿತ್ತು. 1931ರಿಂದ ಅವರು ತಮ್ಮನ್ನು ‘ಯೆಹೋವನ ಸಾಕ್ಷಿಗಳು’ ಎಂದು ಕರೆದುಕೊಂಡರು. ಮನೆ ಮನೆಗೆ ಹೋಗಿ ಮತಪ್ರಚಾರ ಮಾಡುವವರು, ಸೈನ್ಯಕ್ಕೆ ಸೇರದವರು. ಹೀಗಾಗಿ ನೆರೆಹೊರೆಗೆ ಅಷ್ಟಾಗಿ ಬೇಕಾದವರಲ್ಲ. ಧ್ವಜಕ್ಕೆ ವಂದಿಸುವುದು ವಿಗ್ರಹಕ್ಕೆ ಅಡ್ಡಬಿದ್ದಂತೆ, ಬೈಬಲ್ಲಿನ ಆಜ್ಞೆಗೆ ವಿರುದ್ಧ ಎಂಬುದು ಅವರ ನಂಬಿಕೆ. ಜರ್ಮನಿಯಲ್ಲಿ ಹಿಟ್ಲರನಿಗೆ ಕೈಯೆತ್ತಿ ವಂದಿಸಲೊಪ್ಪದೆ ಇದೇ ಪಂಥದವರು ಸೆರೆಮನೆ ಸೇರುತ್ತಿದ್ದ ಕಾಲ ಅದು. ಅಮೆರಿಕದ ಅವರ ಬಂಧುಗಳಿಗೆ ತಮ್ಮ ಮಕ್ಕಳು ಶಾಲೆಯಲ್ಲಿ ಕೈ ಚಾಚುವುದೂ ಒಂದು ಧರ್ಮಸಂಕಟವಾಯಿತು.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಮೈನರ್ಸ್‌ವಿಲ್ ಎಂಬ ಕಲ್ಲಿದ್ದಲ ಗಣಿಯ ಊರಿದೆ. 1935ರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಯಲ್ಲಿ ಓದುತ್ತಿದ್ದ ಗೊಬೈಟಸ್ ಕುಟುಂಬದ ಹನ್ನೆರಡು ವರ್ಷದ ಹುಡುಗಿ, ಅವಳ ಹತ್ತು ವರ್ಷದ ತಮ್ಮ ವಂದನೆ ಮಾಡುವುದಿಲ್ಲ ಎಂದರು. ತಾನೇಕೆ ವಂದಿಸುತ್ತಿಲ್ಲ ಎಂದು ತಮ್ಮನು ಶಾಲಾ ಮಂಡಳಿಗೆ ತನ್ನ ಕೈಬರಹದಲ್ಲಿ ಪತ್ರ ಬರೆದ. ಮಂಡಳಿ ಇಬ್ಬರನ್ನೂ ಶಾಲೆಯಿಂದ ಹೊರಹಾಕಿತು. ತಂದೆಯ ದಿನಸಿ ಅಂಗಡಿಗೆ ಊರಿನವರು ಬಹಿಷ್ಕಾರ ಹಾಕಿದರು. ತಂದೆ ನ್ಯಾಯಾಲಯಕ್ಕೆ ಹೋದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಮಕ್ಕಳೇ ಗೆದ್ದರು.

ಆದರೆ 1940ರ ಜೂನ್ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎಂಟು-ಒಂದರ ಬಹುಮತದಿಂದ ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಇವರು ಕಟುಕ ಮನಸ್ಸಿನವರಲ್ಲ. ವಿಯೆನ್ನಾದಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿನಲ್ಲಿ ನ್ಯೂಯಾರ್ಕಿಗೆ ಬಂದು, ಅಲ್ಲಿನ ಸಾರ್ವಜನಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಮೇಲೆ ಬಂದ ಯೆಹೂದಿ ವಲಸಿಗರು. ನಾನಾ ದೇಶದಿಂದ ಬಂದವರನ್ನು ಒಂದು ರಾಷ್ಟ್ರವಾಗಿ ಬೆಸೆಯುವುದು ಶಾಲೆಯೇ ಎಂದು ಅವರು ಮನಸಾರೆ ನಂಬಿದ್ದರು. ರಾಷ್ಟ್ರದ ಐಕ್ಯವೇ ಭದ್ರತೆಯ ಬುನಾದಿ. ಆ ಐಕ್ಯವನ್ನು ಬೆಳೆಸುವ ದಾರಿ ಯಾವುದೆಂದು ಶಾಲಾ ಮಂಡಳಿಗಳು ತೀರ್ಮಾನಿಸಲಿ, ನ್ಯಾಯಾಲಯ ನಡುವೆ ಬರಬಾರದು ಎಂಬುದು ಅವರ ವಾದದ ತಿರುಳು. ಯೂರೋಪಿನಲ್ಲಿ ಆಗ ಯುದ್ಧ ಹೊತ್ತಿ ಉರಿಯುತ್ತಿತ್ತು, ಫ್ರಾನ್ಸ್ ಕುಸಿಯುವ ಹಂತದಲ್ಲಿತ್ತು ಎಂಬುದನ್ನೂ ನೆನೆಯಬೇಕು. ಒಬ್ಬರೇ ಒಬ್ಬ ನ್ಯಾಯಮೂರ್ತಿ, ಹಾರ್ಲನ್ ಸ್ಟೋನ್, ಭಿನ್ನಮತ ಬರೆದರು.

ಮೂರೇ ವರ್ಷದಲ್ಲಿ ತಿದ್ದಿದ ತೀರ್ಪು

ನ್ಯಾಯಾಲಯದ ಮಾತು ಬೀದಿಗೆ ಬಂದಾಗ ಅದರ ಅರ್ಥವೇ ಬದಲಾಯಿತು. ಈ ಪಂಥದವರು ದೇಶದ್ರೋಹಿಗಳು ಎಂದು ನ್ಯಾಯಾಲಯವೇ ಹೇಳಿದೆ ಎಂಬಂತೆ ಜನ ನಡೆದುಕೊಂಡರು. ಮೇನ್ ರಾಜ್ಯದ ಕೆನೆಬಂಕ್ ಊರಿನಲ್ಲಿ ತೀರ್ಪು ಬಂದ ಒಂದೇ ವಾರದಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿತ್ತು. ಅನೇಕ ಊರುಗಳಲ್ಲಿ ಅವರನ್ನು ಹೊಡೆದು ಅಟ್ಟಿದರು. ಧ್ವಜವಂದನೆ ಮಾಡದ ಮಕ್ಕಳನ್ನು ರಾಜ್ಯ ರಾಜ್ಯಗಳಲ್ಲಿ ಶಾಲೆಯಿಂದ ಹೊರಹಾಕುವ ಪ್ರಕರಣಗಳು ಹೆಚ್ಚಿದವು. ಐಕ್ಯಕ್ಕಾಗಿ ಕೊಟ್ಟ ತೀರ್ಪು ಊರುಗಳನ್ನು ಒಡೆಯಿತು.

ಇದನ್ನು ನೋಡಿ ಬಹುಮತದಲ್ಲಿದ್ದ ನ್ಯಾಯಮೂರ್ತಿಗಳೇ ಮರುಚಿಂತನೆಗೆ ಇಳಿದರು. 1942ರಲ್ಲಿ ಬೇರೊಂದು ಮೊಕದ್ದಮೆಯ ಸಂದರ್ಭದಲ್ಲಿ ಅವರಲ್ಲಿ ಮೂವರು, ಎರಡು ವರ್ಷದ ಹಿಂದಿನ ಆ ತೀರ್ಪು ತಪ್ಪಾಗಿತ್ತು ಎಂದು ಬಹಿರಂಗವಾಗಿ ಬರೆದರು. ಅದೇ ವರ್ಷ ವೆಸ್ಟ್ ವರ್ಜೀನಿಯಾ ರಾಜ್ಯದ ಶಿಕ್ಷಣ ಮಂಡಳಿ ಧ್ವಜವಂದನೆಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿತ್ತು. ವಂದಿಸದ ಮಗುವನ್ನು ಹೊರಹಾಕುವುದು. ಹೊರಹಾಕಿದ ಮೇಲೆ ಶಾಲೆಗೆ ಗೈರುಹಾಜರಾದ ತಪ್ಪಿಗೆ ತಂದೆ ತಾಯಿಗೆ ದಂಡ, ಸೆರೆ! ಅಲ್ಲಿನ ಬಾರ್ನೆಟ್ ಕುಟುಂಬದ ಇಬ್ಬರು ಅಕ್ಕತಂಗಿಯರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. 1943ರ ಜೂನ್ 14ರಂದು, ಅಮೆರಿಕನ್ನರು ಧ್ವಜ ದಿನ ಆಚರಿಸುವ ದಿನವೇ, ನ್ಯಾಯಾಲಯ ಆರು-ಮೂರರ ಬಹುಮತದಿಂದ ತನ್ನ ಹಿಂದಿನ ತೀರ್ಪನ್ನು ರದ್ದು ಮಾಡಿತು.

ಈ ತೀರ್ಪು ಬರೆದವರು ರಾಬರ್ಟ್ ಜಾಕ್ಸನ್. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದಾಗ ಅಮೆರಿಕದ ಪರ ಮುಖ್ಯ ಅಭಿಯೋಜಕರಾಗಿದ್ದವರು ಇವರೇ. ಅವರು ಹಿಡಿದ ದಾರಿ ಗಮನಿಸಬೇಕಾದದ್ದು. ಈ ಪಂಥಕ್ಕೆ ಧರ್ಮದ ಹೆಸರಿನಲ್ಲಿ ವಿನಾಯಿತಿ ಕೊಡೋಣ ಎಂದು ಅವರು ಹೇಳಲಿಲ್ಲ. ಪ್ರಶ್ನೆಯನ್ನೇ ತಿರುಗಿಸಿದರು: ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಿಂದ ಹೇಳಿಸುವ ಅಧಿಕಾರ ಸರ್ಕಾರಕ್ಕೆ ಇದೆಯೇ? ಯಾರ ವಿಷಯದಲ್ಲೂ ಇಲ್ಲ ಎಂದು ಉತ್ತರ ಕೊಟ್ಟರು. ಮಾತನಾಡುವ ಸ್ವಾತಂತ್ರ್ಯದಲ್ಲಿ ಮಾತನಾಡದಿರುವ ಸ್ವಾತಂತ್ರ್ಯವೂ ಸೇರಿದೆ. ಅದು ದೇವರನ್ನು ನಂಬುವವನಿಗೂ ಉಂಟು, ನಂಬದವನಿಗೂ ಉಂಟು. ಮಕ್ಕಳನ್ನು ಪೌರರಾಗಿ ರೂಪಿಸುವ ಜಾಗ ಶಾಲೆಯಾದ್ದರಿಂದಲೇ ಅಲ್ಲಿ ಸಂವಿಧಾನದ ಹಕ್ಕುಗಳನ್ನು ಇನ್ನೂ ಎಚ್ಚರದಿಂದ ಕಾಯಬೇಕು, ಇಲ್ಲದಿದ್ದರೆ ಪಾಠದಲ್ಲಿ ಓದುವ ಹಕ್ಕುಗಳು ಬರಿಯ ಮಾತು ಎಂದು ಮಕ್ಕಳು ತಿಳಿದುಬಿಡುತ್ತಾರೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಫ್ರಾಂಕ್‌ಫರ್ಟರ್ ತಮ್ಮ ಮಾತಿಗೆ ಅಂಟಿಕೊಂಡು ಭಿನ್ನಮತ ಬರೆದರು. 1940ರಲ್ಲಿ ಒಂಟಿಯಾಗಿದ್ದ ಸ್ಟೋನ್ ಈಗ ಮುಖ್ಯ ನ್ಯಾಯಮೂರ್ತಿಯಾಗಿ ಬಹುಮತದಲ್ಲಿದ್ದರು.

ಉಡುಪಿಯ ಮಠದ ಮೊಕದ್ದಮೆ

ಇದೇ ಪಂಥದ ಇನ್ನೊಂದು ಪ್ರಕರಣ 1943ರಲ್ಲಿಯೇ ಆಸ್ಟ್ರೇಲಿಯದ ಉನ್ನತ ನ್ಯಾಯಾಲಯದ ಮುಂದೆಯೂ ಬಂದಿತ್ತು. ಯುದ್ಧಕಾಲದಲ್ಲಿ ಅಲ್ಲಿನ ಸರ್ಕಾರ ಈ ಪಂಥದ ಅಡಿಲೇಡ್ ಸಂಸ್ಥೆಯ ಪ್ರಾರ್ಥನಾ ಮಂದಿರವನ್ನು ವಶಪಡಿಸಿಕೊಂಡಿತ್ತು. ಧಾರ್ಮಿಕ ಸ್ವಾತಂತ್ರ್ಯದ ಆಧಾರದ ಮೇಲೆ ಸಂಸ್ಥೆ ಹೂಡಿದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಮುಖ್ಯ ನ್ಯಾಯಮೂರ್ತಿ ಜಾನ್ ಲೇತಮ್ ಒಂದು ಮಾತನ್ನು ಸ್ಪಷ್ಟಪಡಿಸಿದರು. ಬಹುಸಂಖ್ಯಾತರ ಧರ್ಮ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸಂವಿಧಾನದ ರಕ್ಷಣೆ ಬೇಕಾಗುವುದು ಅಲ್ಪಸಂಖ್ಯಾತರಿಗೆ, ಅದರಲ್ಲೂ ಜನರಿಗೆ ಬೇಡವಾದ ಅಲ್ಪಸಂಖ್ಯಾತರಿಗೆ.

ಈ ಆಸ್ಟ್ರೇಲಿಯದ ತೀರ್ಪು ನಮ್ಮ ದೇಶದ ಕಾನೂನಿನೊಳಗೆ ಬಂದ ದಾರಿಗಳಲ್ಲಿ ಒಂದು ನಮ್ಮ ಉಡುಪಿಯ ಮೂಲಕ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಸ್ವಾಮೀಜಿಯವರು, ಮದರಾಸು ಸರ್ಕಾರದ 1951ರ ಹಿಂದೂ ಧಾರ್ಮಿಕ ದತ್ತಿ ಕಾಯಿದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದ ಜಿಲ್ಲೆ. 1954ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬಿ. ಕೆ. ಮುಖರ್ಜಿಯಾ ಅವರು ಬರೆದ ತೀರ್ಪು, ಸಂವಿಧಾನದ 25ನೇ ವಿಧಿ ಮನಸ್ಸಿನೊಳಗಿನ ನಂಬಿಕೆಯನ್ನು ಮಾತ್ರವಲ್ಲ, ಆ ನಂಬಿಕೆಯಿಂದ ಹುಟ್ಟುವ ಆಚರಣೆಯನ್ನೂ ಕಾಪಾಡುತ್ತದೆ ಎಂದು ಸಾರಿತು. ಹಾಗೆ ಹೇಳುವಾಗ ಅದು ಅಡಿಲೇಡಿನ ಪ್ರಕರಣವನ್ನು ಚರ್ಚಿಸಿತ್ತು. ಕ್ರೈಸ್ತ ಪಂಥವೊಂದರ ಮೊಕದ್ದಮೆ ಮಾಧ್ವ ಮಠವೊಂದಕ್ಕೆ ನೆರವಾಯಿತು. ಮೂರು ದಶಕಗಳ ಬಳಿಕ ಮಾಧ್ವ ಮಠದ ಮೊಕದ್ದಮೆ ಅದೇ ಕ್ರೈಸ್ತ ಪಂಥದ ಮಕ್ಕಳಿಗೆ ನೆರವಾಗಲಿತ್ತು. ಒಬ್ಬರ ಹಕ್ಕನ್ನು ಕಾಯಲು ಹಾಕಿದ ಬೇಲಿ ಪಕ್ಕದವರ ಹೊಲವನ್ನೂ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಿಡಂಗೂರಿನ ಶಾಲೆ, 1985

ಕೇರಳದ ಕೋಟ್ಟಯಂ ಜಿಲ್ಲೆಯ ಕಿಡಂಗೂರಿನಲ್ಲಿ ನಾಯರ್ ಸರ್ವಿಸ್ ಸೊಸೈಟಿ ನಡೆಸುವ ಪ್ರೌಢಶಾಲೆಯೊಂದಿದೆ. 1985ರಲ್ಲಿ ಒಂದೇ ಮನೆಯ ಮೂವರು ಮಕ್ಕಳು ಅಲ್ಲಿ ಓದುತ್ತಿದ್ದರು. ಹುಡುಗ ಹತ್ತನೆಯ ತರಗತಿ, ತಂಗಿಯರಲ್ಲಿ ಒಬ್ಬಳು ಒಂಬತ್ತನೆಯ, ಇನ್ನೊಬ್ಬಳು ಐದನೆಯ ತರಗತಿ. ಯೆಹೋವನ ಸಾಕ್ಷಿಗಳ ಕುಟುಂಬ. ದಿನವೂ ಬೆಳಗಿನ ಸಭೆಗೆ ಬರುತ್ತಿದ್ದರು, ‘ಜನ ಗಣ ಮನ’ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಇವರಿಗಿಂತ ಮುಂಚೆ ಇವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದಿ ಹೋಗಿದ್ದರು. ಶಿಕ್ಷಕರಾಗಲಿ, ಸಹಪಾಠಿಗಳಾಗಲಿ ಇದನ್ನೊಂದು ತೊಂದರೆ ಎಂದು ಎಣಿಸಿರಲಿಲ್ಲ.

1985ರ ಜುಲೈನಲ್ಲಿ ಶಾಸಕರೊಬ್ಬರು ಇದನ್ನು ಗಮನಿಸಿ, ದೇಶಭಕ್ತಿಗೆ ವಿರುದ್ಧವೆಂದು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ಸರ್ಕಾರ ವಿಚಾರಣೆಗೆ ಆಯೋಗ ನೇಮಿಸಿತು. ಮಕ್ಕಳು ಕಾನೂನಿಗೆ ತಲೆಬಾಗಿ ನಡೆಯುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ಆಯೋಗ ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆಯ ಉಪ ಪರಿವೀಕ್ಷಕರ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿಯವರು ಜುಲೈ 26ರಂದು ಮೂವರನ್ನೂ ಶಾಲೆಯಿಂದ ತೆಗೆದುಹಾಕಿದರು. ಸರ್ಕಾರದ ಆದೇಶ ಬರುವತನಕವಾದರೂ ಮಕ್ಕಳು ತರಗತಿಯಲ್ಲಿ ಕೂರಲಿ ಎಂದು ತಂದೆ ಕೇಳಿಕೊಂಡಾಗ ಅವರು ತಮ್ಮ ಅಸಹಾಯಕತೆ ಹೇಳಿಕೊಂಡರು. ಮೇಲಿನ ಸೂಚನೆ ಒಂದು ಕಡೆ, ದಿನವೂ ಕಣ್ಣೆದುರು ಕಾಣುವ ಮಕ್ಕಳು ಇನ್ನೊಂದು ಕಡೆ: ಶಾಲೆಯ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತವರಿಗೆ ಆ ಇಕ್ಕಟ್ಟು ಅರ್ಥವಾದೀತು.

ಕೇರಳ ಹೈಕೋರ್ಟಿನಲ್ಲಿ ಮಕ್ಕಳು ಎರಡು ಸಲ ಸೋತರು. ಮೊದಲು ಏಕಸದಸ್ಯ ಪೀಠದಲ್ಲಿ, ಆಮೇಲೆ ವಿಭಾಗೀಯ ಪೀಠದಲ್ಲಿ. ಹೈಕೋರ್ಟು ರಾಷ್ಟ್ರಗೀತೆಯ ಪ್ರತಿಯೊಂದು ಪದವನ್ನೂ ಪರಿಶೀಲಿಸಿ, ಯಾವುದೇ ಧರ್ಮದವರಿಗೆ ನೋವಾಗುವ ಮಾತು ಅದರಲ್ಲಿಲ್ಲ ಎಂದಿತು. ಆ ಮಾತು ನಿಜವೇ. ಆದರೆ ಮಕ್ಕಳು ಪದಗಳ ಬಗ್ಗೆ ದೂರಿರಲಿಲ್ಲ. ಯಾವ ದೇಶದ ರಾಷ್ಟ್ರಗೀತೆಯನ್ನೂ ಅವರ ಪಂಥದವರು ಹಾಡುವುದಿಲ್ಲ.

ತೀರ್ಪು ಹೇಳಿದ್ದು, ಹೇಳದೆ ಇದ್ದದ್ದು

1986ರ ಆಗಸ್ಟ್ 11ರಂದು, ಸ್ವಾತಂತ್ರ್ಯ ದಿನಾಚರಣೆಗೆ ನಾಲ್ಕು ದಿನ ಇರುವಾಗ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ. ಎಂ. ದತ್. ಕಾನೂನಿನ ಪುಸ್ತಕಗಳಲ್ಲಿ ‘ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ’ ಎಂದು ಹೆಸರಾದ ಪ್ರಕರಣ ಇದು. ಅದರ ತರ್ಕವನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳೂ ಹಿಂಬಾಲಿಸಬಹುದು. ನಾಲ್ಕು ಹೆಜ್ಜೆಗಳು.

ಒಂದು: ರಾಷ್ಟ್ರಗೀತೆಯನ್ನು ಹಾಡಲೇಬೇಕು ಎಂದು ಹೇಳುವ ಕಾನೂನು ಇದೆಯೇ? ಇಲ್ಲ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯಿದೆ, ಹಾಡುವವರನ್ನು ಬೇಕೆಂದೇ ತಡೆಯುವುದನ್ನು, ಹಾಡುತ್ತಿರುವ ಸಭೆಗೆ ಭಂಗ ತರುವುದನ್ನು ಅಪರಾಧವೆನ್ನುತ್ತದೆ. ಸುಮ್ಮನೆ ನಿಂತವರು ಇವೆರಡನ್ನೂ ಮಾಡಲಿಲ್ಲ.

ಎರಡು: ರಾಷ್ಟ್ರಗೀತೆಯನ್ನು ಗೌರವಿಸುವುದು 51ಎ ವಿಧಿಯಲ್ಲಿ ಹೇಳಿದ ಮೂಲಭೂತ ಕರ್ತವ್ಯ. ಆದರೆ ಎದ್ದು ನಿಲ್ಲುವುದೇ ಗೌರವ. ಬಾಯಿ ತೆರೆಯಲಿಲ್ಲ ಎಂದ ಮಾತ್ರಕ್ಕೆ ಅಗೌರವವಾಗದು.

ಮೂರು: 19ನೇ ವಿಧಿಯ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದು, ಆದರೆ ಅದನ್ನು ಕಾನೂನಿನ ಮೂಲಕವೇ ಹಾಕಬೇಕು. ಕೇರಳದ ಶಿಕ್ಷಣ ಇಲಾಖೆ ತೋರಿಸಿದ್ದು ಎರಡು ಸುತ್ತೋಲೆಗಳನ್ನು. ಸುತ್ತೋಲೆ ಕಾನೂನಲ್ಲ. ಇಲಾಖೆಯ ಒಂದು ಹಾಳೆಯಿಂದ ಮೂಲಭೂತ ಹಕ್ಕನ್ನು ಮೊಟಕು ಮಾಡಲಾಗದು.

ನಾಲ್ಕು: 25ನೇ ವಿಧಿಯ ಪ್ರಕಾರ ಅಂತಃಸಾಕ್ಷಿಯ ಸ್ವಾತಂತ್ರ್ಯಕ್ಕೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮುಂತಾದ ಮಿತಿಗಳಿವೆ. ಅವುಗಳಲ್ಲಿ ಯಾವುದಕ್ಕೂ ಈ ಮಕ್ಕಳಿಂದ ಧಕ್ಕೆಯಾಗಿರಲಿಲ್ಲ. ಅವರ ನಂಬಿಕೆ ನಮಗೆ ಸರಿ ಎನಿಸುತ್ತದೆಯೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನಂಬಿಕೆ ಪ್ರಾಮಾಣಿಕವೇ, ಆ ಪಂಥದವರು ನಿಜವಾಗಿಯೂ ಅದನ್ನು ಪಾಲಿಸಿಕೊಂಡು ಬಂದಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಹೈಕೋರ್ಟ್ ಎಡವಿದ್ದು ಇಲ್ಲಿ ಎಂದಿತು ಪೀಠ.

ಈ ವಾದದ ದಾರಿಯಲ್ಲಿ ಶೀರೂರು ಮಠದ ಪ್ರಕರಣ, ಅಡಿಲೇಡಿನ ಪ್ರಕರಣ, ವೆಸ್ಟ್ ವರ್ಜೀನಿಯಾದ ಅಕ್ಕತಂಗಿಯರ ಪ್ರಕರಣ ಎಲ್ಲವನ್ನೂ ನ್ಯಾಯಾಲಯ ನೆನೆಯಿತು. ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಂಡು, ಅಡ್ಡಿಯಿಲ್ಲದೆ ಓದಲು ಬಿಡಬೇಕೆಂದು ಆದೇಶಿಸಿತು. ಸಹಿಷ್ಣುತೆ ನಮ್ಮ ಪರಂಪರೆಯಲ್ಲಿದೆ, ತತ್ತ್ವಚಿಂತನೆಯಲ್ಲಿದೆ, ಸಂವಿಧಾನದಲ್ಲಿದೆ, ಅದನ್ನು ತೆಳುವಾಗಿಸಬಾರದು ಎಂಬ ಆಶಯದಿಂದ ತೀರ್ಪನ್ನು ಮುಗಿಸಿತು.

ತೀರ್ಪು ಏನನ್ನು ಹೇಳಲಿಲ್ಲ ಎಂಬುದೂ ಮುಖ್ಯ. ಶಾಲೆಯಲ್ಲಿ ರಾಷ್ಟ್ರಗೀತೆ ಬೇಡ ಎನ್ನಲಿಲ್ಲ. ಹಾಡುವಾಗ ಕೂತಿರಬಹುದು, ನಗಾಡಬಹುದು, ಪಕ್ಕದವರನ್ನು ಕೆಣಕಬಹುದು ಎನ್ನಲಿಲ್ಲ. ಹಾಡುವ ಸಾವಿರ ಮಕ್ಕಳ ಭಾವನೆಗೆ ಎಷ್ಟು ಬೆಲೆಯೋ, ಹಾಡದೆ ಗೌರವದಿಂದ ನಿಂತ ಮೂವರ ಅಂತಃಸಾಕ್ಷಿಗೂ ಅಷ್ಟೇ ಬೆಲೆ ಎಂದಿತು, ಅಷ್ಟೆ.

ಶಾಲೆಗೂ ಒಂದು ಗೆರೆ

ಮಗುವಿನ ಹಕ್ಕಿಗೆ ಮಿತಿ ಎಲ್ಲಿ ಎಂಬ ಪ್ರಶ್ನೆಗೆ ಅಮೆರಿಕದ ಇನ್ನೊಂದು ಪ್ರಕರಣ ಉತ್ತರ ಕೊಡುತ್ತದೆ. 1965ರ ಡಿಸೆಂಬರ್‌ನಲ್ಲಿ ಅಯೋವಾ ರಾಜ್ಯದ ಡೆ ಮಾಯಿನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧದ ಸಾವುಗಳಿಗೆ ಶೋಕ ಸೂಚಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಅವರನ್ನು ಅಮಾನತು ಮಾಡಲಾಯಿತು. 1969ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಪರ ನಿಂತಿತು. ಪಾಠಪ್ರವಚನಕ್ಕೆ ನಿಜವಾದ ಅಡ್ಡಿಯಾದರೆ, ಬೇರೆಯವರ ಹಕ್ಕಿಗೆ ಧಕ್ಕೆಯಾದರೆ ಶಾಲೆ ತಡೆಯಬಹುದು. ಗದ್ದಲವಾದೀತು ಎಂಬ ಬರಿಯ ಅಂಜಿಕೆ ಸಾಲದು ಎಂಬುದು ಅಲ್ಲಿಯ ಅಳತೆಗೋಲು.

ಹಾಗೆಯೇ ಶಾಲೆಯ ಅಧಿಕಾರಕ್ಕೂ ನಮ್ಮ ಸಂವಿಧಾನ ಒಂದು ಗೆರೆ ಎಳೆದಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾವ ಮಗುವನ್ನೂ, ಅದು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಪಾಲ್ಗೊಳ್ಳುವಂತೆ ಮಾಡುವಂತಿಲ್ಲ ಎಂದೂ ಅದೇ ವಿಧಿ ಹೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಣೆಯ ವಿಭೂತಿ, ಕೈಯ ತಾಯತ, ಕೊರಳ ಶಿಲುಬೆ ಮಗು ಮನೆಯಿಂದ ತಂದದ್ದು. ಮೇಷ್ಟರು ಮೇಜಿನ ಹಿಂದೆ ನಿಂತು ಹೇಳಿದ್ದು ಮಾತ್ರ ಮಗುವಿನ ಕಿವಿಗೆ ಸರ್ಕಾರವೇ ಹೇಳಿದಂತೆ ಕೇಳುತ್ತದೆ. ಅದಕ್ಕಾಗಿಯೇ ಮಗುವಿನ ನಂಬಿಕೆಗೆ ಇರುವ ಸಲಿಗೆ ಶಿಕ್ಷಕರ ಅಧಿಕಾರಕ್ಕೆ ಇಲ್ಲ.

ಇನ್ನೂ ಮುಗಿಯದ ಚರ್ಚೆ

ಈ ವಿಷಯ ಬರೆಯುವಾಗ ನಮ್ಮ ರಾಜ್ಯದ ಈಚಿನ ಪ್ರಕರಣವನ್ನು ಬಿಟ್ಟು ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿವಾದದಲ್ಲಿ, ಸಮವಸ್ತ್ರ ಕುರಿತ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು ಎತ್ತಿಹಿಡಿಯಿತು. ಹಿಜಾಬ್ ಆ ಧರ್ಮದ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ನ್ಯಾಯಯುತವಾದ ನಿರ್ಬಂಧ ಎಂಬುದು ಅದರ ನಿಲುವು. ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತ ಸಮವಸ್ತ್ರ ಮಕ್ಕಳಲ್ಲಿ ಸಮಾನತೆ ತರುತ್ತದೆ ಎಂದು ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಕಿಡಂಗೂರಿನ ಮಕ್ಕಳ ತೀರ್ಪನ್ನೇ ಆಧಾರವಾಗಿಟ್ಟುಕೊಂಡು, ಹೆಣ್ಣುಮಕ್ಕಳ ಓದು ನಿಲ್ಲಬಾರದು ಎಂದು ಅದನ್ನು ತಳ್ಳಿಹಾಕಿದರು. ಪ್ರಶ್ನೆಯನ್ನು ಹೆಚ್ಚಿನ ಪೀಠ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

ನಿಲ್ಲುವ ಮೌನ ಬೇರೆ, ತೊಡುವ ಬಟ್ಟೆ ಬೇರೆ ಎನ್ನುವವರಿದ್ದಾರೆ. ಅಂತಃಸಾಕ್ಷಿಯ ಪ್ರಶ್ನೆ ಎರಡರಲ್ಲೂ ಒಂದೇ ಎನ್ನುವವರಿದ್ದಾರೆ. ನಮ್ಮ ಊರಿನಲ್ಲೂ ಎರಡೂ ಅಭಿಪ್ರಾಯದವರು ಒಂದೇ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ಉತ್ತರ ಏನೇ ಆಗಲಿ, ಆ ಉತ್ತರಕ್ಕೆ ಹೋಗುವ ದಾರಿಯಲ್ಲಿ 1986ರ ಆ ನಾಲ್ಕು ಪ್ರಶ್ನೆಗಳನ್ನು ಯಾರೂ ಬಳಸಿಕೊಂಡು ಹೋಗುವಂತಿಲ್ಲ.

ನಮ್ಮ ಶಾಲೆಗೆ ಇದರಿಂದೇನು

ಹಳೆಯ ವಿದ್ಯಾರ್ಥಿ ಮಿತ್ರರೇ, ಪೋಷಕರೇ, ಈ ಚರಿತ್ರೆಯಿಂದ ನಮಗೆ ದೊರೆಯುವುದು ಸರಳವಾದ ಒಂದು ಮಾತು. ಮಗುವನ್ನು ಹೊತ್ತಿಗೆ ಸರಿಯಾಗಿ ಬಾ ಎನ್ನಲು, ಸಾಲಿನಲ್ಲಿ ನಿಲ್ಲು ಎನ್ನಲು, ಗದ್ದಲ ಮಾಡಬೇಡ ಎನ್ನಲು, ಬೇರೆಯವರ ನಂಬಿಕೆಯನ್ನು ಹೀಯಾಳಿಸಬೇಡ ಎನ್ನಲು ಶಾಲೆಗೆ ಪೂರ್ತಿ ಅಧಿಕಾರವಿದೆ. ಮನಸ್ಸು ಒಪ್ಪದ್ದನ್ನು ಬಾಯಿಬಿಟ್ಟು ಹೇಳು ಎನ್ನುವ ಅಧಿಕಾರ ಇಲ್ಲ. ಹಾಗೆ ಹೇಳಿಸಿದ ದೇಶಭಕ್ತಿ ಬಾಯಿಪಾಠದ ಮಗ್ಗಿಯಂತೆ. ಪರೀಕ್ಷೆಯ ಮಾರನೆಯ ದಿನವೇ ಮರೆತುಹೋಗುತ್ತದೆ.

ಮೂರೂ ಪ್ರಕರಣಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಕ್ಕಳು ಕೇಳಿದ್ದು ಶಾಲೆಯಿಂದ ಬಿಡುಗಡೆಯನ್ನಲ್ಲ, ಶಾಲೆಯೊಳಗೆ ಒಂದು ಜಾಗವನ್ನು. ಅವರ ತಂದೆಯರು ಹೋರಾಡಿದ್ದು ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಉಳಿಯಲಿ ಎಂದು. ಹೊರಗೆ ಕಳುಹಿಸಿದ ಮಗು ಯಾವ ಪಾಠವನ್ನೂ ಕಲಿಯಲಾರದು, ದೇಶಪ್ರೇಮದ ಪಾಠವನ್ನೂ ಕೂಡ.

ನಮ್ಮ ಶಾಲೆ ಬಾಗಿಲು ತೆರೆದ ಆರಂಭದ ವರ್ಷಗಳಲ್ಲಿ ಕಿಡಂಗೂರಿನ ತೀರ್ಪು ಇರಲಿಲ್ಲ. ಇನ್ನು ಮುಂದಿನ ಐವತ್ತು ವರ್ಷಗಳಲ್ಲಿ ಇಲ್ಲಿಗೆ ಯಾವ ಊರಿನ, ಯಾವ ಭಾಷೆಯ, ಯಾವ ನಂಬಿಕೆಯ ಮಕ್ಕಳು ಬಂದು ಸೇರುವರೋ ಹೇಳಲಾಗದು. ದುಡಿಮೆ ಹುಡುಕಿಕೊಂಡು ಬರುವ ಕುಟುಂಬಗಳು ಈಗಾಗಲೇ ನಮ್ಮ ಸುತ್ತಿನ ಊರುಗಳ ಹಾಜರಿ ಪುಸ್ತಕಗಳನ್ನು ಬದಲಿಸುತ್ತಿವೆ. ಅವರಲ್ಲಿ ಒಂದು ಮಗು ಎಂದಾದರೊಂದು ದಿನ ಸಾಲಿನಲ್ಲಿ ನೆಟ್ಟಗೆ ನಿಂತು ಸುಮ್ಮನಿದ್ದರೆ, ಆ ದಿನದ ಮುಖ್ಯೋಪಾಧ್ಯಾಯರು ಟಿ.ಸಿ. ಪುಸ್ತಕ ತೆರೆಯುವ ಮೊದಲು ಮಗುವನ್ನು ಕೋಣೆಗೆ ಕರೆದು, ‘ಯಾಕಪ್ಪ ಹಾಡಲಿಲ್ಲ?’ ಎಂದು ಸಮಾಧಾನದಿಂದ ಕೇಳಲಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲಿ, ಆಮೇಲೆ ತರಗತಿಗೆ ಕಳುಹಿಸಲಿ. ಮೊದಲ ಪೀರಿಯಡ್ ತಪ್ಪಬಾರದು.